ಎಡಗಡೆಯ ಎರಡನೇ ಹೆಗಲು

ಅಧ್ಯಕ್ಷರ ಅರಮನೆ, ರಾಜಧಾನಿ
12 ಮೇ 1972

ಪ್ರೀತಿಯ ಕಸಿಲ್ದಕ್ಕ,

ನಿನ್ನ ಚೆಮೊ ಕೊನೆಗೂ ಕಾಗದ ಬರೆಯುತ್ತಿದ್ದಾನೆ. ದೇಶದ ಅಧ್ಯಕ್ಷನಾಗಿ ಮೂರು ತಿಂಗಳಾದ ಮೇಲೆ ಅಕ್ಕನ ನೆನಪಾಯಿತೇ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಬೈದುಕೋ. ಈ ಅರಮನೆಯಲ್ಲಿ ನನ್ನನ್ನು ಬೈಯುವವರು ಒಬ್ಬರೂ ಇಲ್ಲ, ಅದೇ ತೊಂದರೆ. ಎಲ್ಲರೂ ‘ಹೌದು ಜನರಲ್, ಹೌದು ಜನರಲ್’ ಎನ್ನುತ್ತಾರೆ. ಕೆಮ್ಮಿದರೂ ಹೌದು ಎನ್ನುತ್ತಾರೆ.

ಒಂದು ಹರಕೆಯ ವಿಷಯ ಹೇಳಬೇಕು. ಫೆಬ್ರವರಿಯಲ್ಲಿ ದಂಡು ಕಟ್ಟಿಕೊಂಡು ಈ ಅರಮನೆಗೆ ಹೊರಟ ಬೆಳಿಗ್ಗೆ ಅಮ್ಮನ ಜಪಮಾಲೆಯನ್ನು ಅಂಗಿಯೊಳಗೆ ಹಾಕಿಕೊಂಡಿದ್ದೆ. ನಮ್ಮೂರು ಕೊರಿಮಾಯುವಿನ ಇಗರ್ಜಿಯ ಹಿಮದ ತಾಯಿಯನ್ನು ನೆನೆದು, ತಾಯೇ, ರಕ್ತ ಚೆಲ್ಲದ ಹಾಗೆ ನೋಡಿಕೋ, ನನ್ನ ಸೇನಾದಂಡವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದೆ. ಹೆಚ್ಚು ಚೆಲ್ಲಲಿಲ್ಲ. ಹಾಗಾಗಿ ಈ ಆಗಸ್ಟ್ ಐದರ ಹಬ್ಬಕ್ಕೆ ತಾಯಿಯನ್ನು ನಮ್ಮ ಸೈನ್ಯದ ಮಹಾದಂಡನಾಯಕಿ ಎಂದು ಘೋಷಿಸುತ್ತೇನೆ. ಅವಳು ದಂಡನಾಯಕಿ, ನಾನು ಅವಳ ಸಿಪಾಯಿ. ಹೀಗೆ ಅಂದುಕೊಂಡರೆ ಮಾತ್ರ ನನಗೆ ಈ ಕುರ್ಚಿಯಲ್ಲಿ ಕೂರಲು ಆಗುತ್ತದೆ, ಅಕ್ಕ. ನಾನು ಮಾಡುವುದೆಲ್ಲ ಅವಳ ಆಜ್ಞೆ ಎಂದು ನಂಬಿದ್ದೇನೆ.

ತಾಯಿಯ ಪ್ರತಿಮೆಗೆ ಉಡುಪು ತೊಡಿಸುವವಳು ನೀನು. ಅವಳ ಬಲಗೈ ಬೆರಳುಗಳ ಅಳತೆ ತೆಗೆದು ಕಳಿಸು. ಊರಿನ ಸುದ್ದಿಯನ್ನೂ ಬರೆ, ಮುಚ್ಚುಮರೆ ಇಲ್ಲದೆ ಬರೆ. ಇಲ್ಲಿ ನಿಜ ಹೇಳುವವರಿಲ್ಲ.

ನಿನ್ನ ತಮ್ಮ,
ಅನ್ಸೆಲ್ಮೊ


ಕೊರಿಮಾಯು
3 ಜೂನ್ 1972

ಚೆಮೊ,

ಅಳತೆಯ ದಾರ ಇದರೊಳಗಿದೆ. ಗಂಟು ಹಾಕಿರುವುದು ಹೆಬ್ಬೆರಳಿಗೆ. ಅಲ್ಲ ಕಣೋ, ಆ ಕೈಯಲ್ಲಿ ಅವಳು ಅಜ್ಜಿಯ ಕಾಲದಿಂದ ಮೇಣದ ಬತ್ತಿ ಹಿಡಿದಿದ್ದಾಳೆ. ನಿನ್ನ ದಂಡ ಹಿಡಿದರೆ ಬತ್ತಿ ಎಲ್ಲಿ ಹಿಡಿಯಬೇಕು, ಬಾಯಲ್ಲೇ? ಪಾದ್ರಿ ಬೆನಿಗ್ನೊ ಅವರನ್ನು ಕೇಳಿದೆ. ‘ಅಧ್ಯಕ್ಷರ ಇಷ್ಟ’ ಎಂದು ಮೂಗು ಒರೆಸಿಕೊಂಡರು. ಸರಿ, ಎಡಗೈಗೆ ಬತ್ತಿ ಬದಲಿಸುತ್ತೇನೆ.

ಸುದ್ದಿ ಕೇಳಿದ್ದೀಯ. ಮೇಣದ ಬತ್ತಿ ಮಾಡುವ ಪೆತ್ರೋನಾ ನೆನಪಿದ್ದಾಳಲ್ಲ, ಗಣಿ ಕುಸಿದು ಸತ್ತ ಫೆರ್ಮಿನನ ಹೆಂಡತಿ? ತಾಯಿಗೆ ಉಡಿಸುವಾಗ ನನ್ನ ಜೊತೆ ಲಂಗ ಹಿಡಿದುಕೊಳ್ಳುವವಳು ಅವಳೇ. ಅವಳ ಒಬ್ಬನೇ ಮಗ ಲಿನೊ ಗಣಿ ಕೆಲಸಗಾರರ ಮುಷ್ಕರ ನಡೆಸಿದನೆಂದು ನಿನ್ನ ಪೊಲೀಸರು ಹುಡುಕುತ್ತಿದ್ದಾರೆ. ಎರಡು ಸಲ ಬಂದು ಅವಳ ಮೇಣದ ಮಡಕೆಗಳನ್ನೆಲ್ಲ ಒಡೆದು ಹೋದರು. ‘ದೇವರಿಲ್ಲ ಅನ್ನೋ ಕೆಂಪು ಜಾತಿ ನಿನ್ನ ಮಗ’ ಅಂದರಂತೆ. ಪೆತ್ರೋನಾ ಸುಮ್ಮನಿರುವವಳೇ? ‘ದೇವರಿಲ್ಲ ಅನ್ನೋನು ಅಪ್ಪ ಸತ್ತ ವರ್ಷದಿಂದ ಒಂದು ಹಬ್ಬಾನೂ ಬಿಡ್ದೆ ಪಲ್ಲಕ್ಕಿ ಹೊರ್ತಾನಾ? ಈ ಸಲಾನೂ ಬರ್ತಾನೆ, ನೋಡ್ತಿರಿ’ ಎಂದು ನನ್ನ ಹತ್ತಿರ ಹೇಳಿಕೊಂಡು ಅತ್ತಳು.

ನೀನೇ ಯೋಚಿಸು, ಚೆಮೊ. ಎಲ್ಲಿ ಅಡಗಿದ್ದಾನೋ ಏನು ತಿನ್ನುತ್ತಾನೋ ಗೊತ್ತಿಲ್ಲ, ಆದರೂ ಆಗಸ್ಟ್ ಐದಕ್ಕೆ ಎಡಗಡೆಯ ಎರಡನೇ ಜಾಗದಲ್ಲಿ ಅಪ್ಪನ ಹರಕೆಗೆ ಹೆಗಲು ಕೊಡುತ್ತಾನೆ. ಹೊರುವ ಎಂಟು ಜನರೂ ಬಿಳಿ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಿರುವುದರಿಂದ ಯಾರಿಗೂ ತಿಳಿಯುವುದಿಲ್ಲ ಬಿಡು. ಇಂಥವನು ದೇವದ್ರೋಹಿ ಹೇಗಾಗುತ್ತಾನೆ? ನಿನ್ನವರಿಗೆ ಒಂದು ಮಾತು ಹೇಳು. ನಿನ್ನ ಒಂದು ಮಾತಿಗೆ ಅವರು ಆ ಹೆಂಗಸಿನ ಮಡಕೆ ಒಡೆಯುವುದು ನಿಲ್ಲಿಸುತ್ತಾರೆ.

ಹೊಟ್ಟೆ ತುಂಬ ಊಟ ಮಾಡು. ರಾಜಧಾನಿಯ ಬ್ರೆಡ್ಡು ಊಟವಲ್ಲ.

ಕಸಿಲ್ದಾ


ರಾಜಧಾನಿ
20 ಜೂನ್ 1972

ಅಕ್ಕಾ,

ದಾರ ತಲುಪಿತು. ಅಕ್ಕಸಾಲಿಗ ದಂಡದ ಹಿಡಿಕೆಯನ್ನು ಸಣ್ಣ ಮಾಡುತ್ತಿದ್ದಾನೆ.

ಲಿನೊನ ವಿಷಯ ಓದಿ ಮನಸ್ಸು ಕರಗಿತು. ತಾಯಿಗೆ ಹೆಗಲು ಕೊಡುವವನಿಗೆ ನನ್ನ ರಾಜ್ಯದಲ್ಲಿ ಭಯ ಯಾಕೆ? ಅವನು ಧೈರ್ಯವಾಗಿ ಬರಲಿ. ಅವನ ಹತ್ತಿರ ನಾನೇ ಮಾತಾಡಬೇಕೆಂದಿದ್ದೇನೆ. ಪೆತ್ರೋನಾಗೆ ಇದನ್ನು ಓದಿ ಹೇಳು. ಮಡಕೆ ಒಡೆದವರಿಗೆ ಬುದ್ಧಿ ಹೇಳಿಸಿದ್ದೇನೆ.

ಹೊರುವವರ ಜಾಗ ಈಗಲೂ ಬದಲಾಗುವುದಿಲ್ಲ ತಾನೇ? ಹದಿಮೂರಕ್ಕೇ ಸೈನಿಕ ಶಾಲೆಗೆ ಸೇರಿದವನು ನಾನು, ಊರಿನ ಎಷ್ಟೋ ಕ್ರಮ ಮರೆತಿದ್ದೇನೆ. ಸುಮ್ಮನೆ ಕೇಳಿದೆ.

ಹಬ್ಬಕ್ಕೆ ನನಗೆ ಬರಲಾಗದು. ದಂಡವನ್ನು ನನ್ನ ಆಪ್ತ ಕರ್ನಲ್ ತರುತ್ತಾನೆ. ಒಳ್ಳೆಯ ಭಕ್ತ.

ಅನ್ಸೆಲ್ಮೊ


ಕೊರಿಮಾಯು
9 ಆಗಸ್ಟ್ 1972

ಚೆಮೊ,

ಹಬ್ಬ ಚೆನ್ನಾಗಿ ಆಯಿತು. ತಾಯಿ ದಂಡ ಹಿಡಿದಳು. ಸ್ವಲ್ಪ ಭಾರವಾಯಿತು, ಮಣಿಕಟ್ಟಿಗೆ ಒಳಗಿನಿಂದ ದಾರ ಕಟ್ಟಿದೆ. ಬ್ಯಾಂಡಿನವರು ಮಾತ್ರ ಊದುತ್ತಲೇ ಇದ್ದರು, ಹೊಟ್ಟೆಯೊಳಗೆಲ್ಲ ಚಿಚಾ, ಜೋಳದ ಹೆಂಡ.

ಲಿನೊ ಬಂದ. ಮುಖ ಮುಚ್ಚಿದ್ದರೂ ಪೆತ್ರೋನಾ ಅವನ ಪಾದ ನೋಡಿ ನನ್ನ ಕೈ ಚಿವುಟಿದಳು. ಮೆರವಣಿಗೆ ಮುಗಿದು ಪಲ್ಲಕ್ಕಿ ಇಗರ್ಜಿಯ ಬಾಗಿಲಲ್ಲಿ ಇಳಿಸಿದರು. ಯಾರೂ ಇನ್ನೂ ಬಟ್ಟೆ ತೆಗೆದಿರಲಿಲ್ಲ. ಕರ್ನಲ್ ತನ್ನ ಜನರ ಜೊತೆ ನೆಟ್ಟಗೆ ಅವನ ಹತ್ತಿರವೇ ಬಂದು, ‘ಅಧ್ಯಕ್ಷರು ನಿನ್ನನ್ನ ನೋಡ್ಬೇಕಂತೆ, ಬಾರಪ್ಪ’ ಎಂದರು, ಬಹಳ ಮರ್ಯಾದೆಯಿಂದ. ಲಿನೊ ನನ್ನ ಕಡೆ ತಿರುಗಿದ. ‘ಹೋಗ್ಲಾ ದೊಡ್ಡಮ್ಮ?’ ಎಂದು ಕೇಳಿದ. ಪೆತ್ರೋನಾ ಅವನ ತೋಳು ಹಿಡಿದುಕೊಂಡಿದ್ದಳು. ನಾನೇ ಬಿಡಿಸಿದೆ. ‘ಹೋಗು ಮಗನೇ, ನನ್ನ ತಮ್ಮ ಮಾತು ಕೊಟ್ಟಿದ್ದಾನೆ. ನಿನ್ನ ಕಷ್ಟವೆಲ್ಲ ಅವನ ಮುಂದೇನೇ ಹೇಳ್ಕೋ’ ಎಂದೆ. ದಾರಿಗೆ ಗಿಣ್ಣು, ಬೇಯಿಸಿದ ಆಲೂಗಡ್ಡೆ ಕಟ್ಟಿಕೊಟ್ಟೆ.

ನಿನ್ನನ್ನು ಕಂಡನೇ? ಏನು ಮಾತಾಡಿದಿರಿ? ಸ್ವಲ್ಪ ಒರಟು ಮಾತಾಡಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅಪ್ಪನಿಲ್ಲದ ಹುಡುಗ. ಯಾವಾಗ ಕಳಿಸುತ್ತೀಯ ಎಂದು ಬರೆ. ಪೆತ್ರೋನಾ ದಿನಾ ಕೇಳುತ್ತಾಳೆ.

ಕಸಿಲ್ದಾ


ರಾಜಧಾನಿ
2 ಸೆಪ್ಟೆಂಬರ್ 1972

ಪ್ರೀತಿಯ ಅಕ್ಕ,

ತಾಯಿ ದಂಡ ಹಿಡಿದ ಸುದ್ದಿ ಓದಿ ಮೊಣಕಾಲೂರಿದೆ. ಅವಳು ಬೇಡವೆಂದಿದ್ದರೆ ದಂಡ ಜಾರಿ ಬೀಳುತ್ತಿತ್ತು, ಅಲ್ಲವೇ? ನೀನು ದಾರ ಕಟ್ಟಿದ್ದು ಬೇರೆ ವಿಷಯ.

ಅರಮನೆಯಲ್ಲಿ ಒಂದು ಪೂಜಾಮಂದಿರ ಕಟ್ಟಿಸಿದ್ದೇನೆ. ದಿನಾ ಬೆಳಿಗ್ಗೆ ಪೂಜೆ ಕೇಳಿ ಪ್ರಸಾದ ತೆಗೆದುಕೊಂಡೇ ಕಚೇರಿಗೆ ಹೋಗುತ್ತೇನೆ. ಮಂತ್ರಿಗಳೂ ಬರಬೇಕೆಂದು ಹೇಳಿದ್ದೇನೆ. ಪಾಪನಿವೇದನೆ ಕೇಳಲು ಬರುತ್ತಿದ್ದ ಮುದಿ ಪಾದ್ರಿಯನ್ನು ಬದಲಾಯಿಸಬೇಕಾಯಿತು. ಪಾಪ, ವಯಸ್ಸಾಗಿದೆ, ಬೇಡದ ಪ್ರಶ್ನೆ ಕೇಳುತ್ತಾರೆ. ಹೊಸಬರು ಒಳ್ಳೆಯವರು, ಬೇಗ ಮುಗಿಸುತ್ತಾರೆ.

ಆ ಹುಡುಗನನ್ನು ವಿಚಾರಿಸಿ ಮೂರು ದಿನಕ್ಕೇ ಬಿಟ್ಟು ಕಳಿಸಿದರಂತೆ. ಬಿಡುಗಡೆಯಾದ ಎಂದು ರುಜು ಹಾಕಿದ್ದಾನೆ. ಗಡಿ ದಾಟಿ ಹೋಗಿರಬೇಕು. ವಯಸ್ಸಿನ ಹುಡುಗರು ಅಮ್ಮಂದಿರಿಗೆ ಕಾಗದ ಬರೆಯುತ್ತಾರೆಯೇ? ನಾನೇ ಎಷ್ಟು ಬರೆಯುತ್ತಿದ್ದೆ, ಹೇಳು.

ಇತ್ತೀಚೆಗೆ ನಿದ್ದೆ ಕಡಿಮೆ. ನನಗಾಗಿ ಒಂದು ಬತ್ತಿ ಹಚ್ಚು.

ಅನ್ಸೆಲ್ಮೊ


ಕೊರಿಮಾಯು
3 ನವೆಂಬರ್ 1972

ಚೆಮೊ,

ನಿನ್ನೆ ಸತ್ತವರ ಹಬ್ಬ. ಮನೆಮನೆಯಲ್ಲೂ ಮೇಜು ಹಾಸಿ, ತೀರಿಕೊಂಡವರ ಹೆಸರಿನಲ್ಲಿ ರೊಟ್ಟಿ ಸುಟ್ಟು ಇಟ್ಟಿದ್ದರು. ಪೆತ್ರೋನಾ ಫೆರ್ಮಿನನಿಗೆ ಮಾತ್ರ ಇಟ್ಟಳು. ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು, ‘ಮಗನಿಗೊಂದು ರೊಟ್ಟಿ ಸುಡೋಕೂ ಜಿಪುಣತನಾನಾ?’ ಎಂದಳು. ನಾನು ಅವಳ ಮೇಲೆ ಹರಿಹಾಯ್ದೆ. ‘ಬದುಕಿರೋ ಮಗನಿಗೆ ರೊಟ್ಟಿ ಇಡ್ತಾರೇನೇ? ಅಧ್ಯಕ್ಷರೇ ಬರೆದಿದ್ದಾರೆ, ಹುಡುಗ ಗಡಿ ದಾಟಿದ್ದಾನೆ’ ಎಂದು ಬೀದಿಗೆ ಕೇಳುವ ಹಾಗೆ ಹೇಳಿದೆ.

ಅವಳು ಹೋದಮೇಲೆ ಪೆತ್ರೋನಾ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿಸಿದಳು. ಅವಳಿಗೆ ಓದು ಬಾರದು, ಆದರೆ ಕೇಳುವುದು ಚೆನ್ನಾಗಿ ಬರುತ್ತದೆ. ‘ಬಿಟ್ರಂತೆ, ಹೋಗಿರ್ಬೇಕು. ಎಲ್ಲಾ ಅಂತೆಕಂತೆ, ಕಸಿಲ್ದಕ್ಕ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ. ನಿಮ್ಮ ತಮ್ಮ ಹಿಮದ ತಾಯಿ ಮೇಲೆ ಆಣೆ ಇಟ್ಟು ಬರೀಲಿ, ನಾನು ಇನ್ನೊಂದ್ಸಲ ಕೇಳಲ್ಲ’ ಎಂದಳು.

ನೀನು ತಾಯಿಯ ಮೇಲೆ ಸುಳ್ಳು ಆಣೆ ಇಡುವವನಲ್ಲ. ಅದನ್ನು ಪೆತ್ರೋನಾಳೂ ಬಲ್ಲಳು, ನಾನೂ ಬಲ್ಲೆ. ಹಾಗಾಗಿ ಒಂದೇ ಸಾಲು ಬರೆ: ಹಿಮದ ತಾಯಿಯ ಆಣೆಗೂ ಲಿನೊ ಬದುಕಿದ್ದಾನೆ. ಅಷ್ಟು ಸಾಕು.

ಕಸಿಲ್ದಾ


ಕೊರಿಮಾಯು
14 ಮಾರ್ಚ್ 1973

ಅನ್ಸೆಲ್ಮೊ,

ಆಣೆ ಕೇಳಿದೆ. ಕ್ರಿಸ್ತಜಯಂತಿ ಕಳೆಯಿತು, ಉಪವಾಸದ ಕಾಲ ಬಂತು, ಒಂದು ಸಾಲೂ ಇಲ್ಲ. ಬದಲಿಗೆ ಇಗರ್ಜಿಗೆ ಹೊಸ ಗಂಟೆ ಬಂತು, ನಿನ್ನ ಹೆಸರು ಕೆತ್ತಿಸಿಕೊಂಡು. ಪೆತ್ರೋನಾಗೆ ಒಂದು ಹೊಲಿಗೆ ಯಂತ್ರ ಬಂತು. ಅದು ಪೆಟ್ಟಿಗೆಯಲ್ಲೇ ಇದೆ, ಅದರ ಮೇಲೆ ಕೋಳಿ ಮಲಗುತ್ತದೆ.

ನಿನ್ನ ಮೌನದಲ್ಲಿ ನನಗೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಮುಖ ಮುಚ್ಚಿದ ಎಂಟು ಜನ. ಎಲ್ಲರದೂ ಒಂದೇ ಬಟ್ಟೆ, ಒಂದೇ ಹಗ್ಗದ ಚಪ್ಪಲಿ. ಕರ್ನಲ್ ಯಾರನ್ನೂ ಕೇಳದೆ ಎಡಗಡೆಯ ಎರಡನೆಯವನ ಹತ್ತಿರ ಹೇಗೆ ಬಂದ? ಅಂದು ನನಗದು ಮರ್ಯಾದೆಯ ಹಾಗೆ ಕಂಡಿತು. ನಾನೆಂಥ ದಡ್ಡಿ. ಯಾವ ಜಾಗ, ಯಾವ ದಿನ, ಎಲ್ಲ ಬರೆದುಕೊಟ್ಟವಳು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದದ್ದಂತೂ ಹೋಗಿ ಮುಟ್ಟುವ ಕಡೆ ಮುಟ್ಟಿಯೇ ಬಿಡುತ್ತದೆ. ಅವನ ಅಮ್ಮನ ಕೈ ಬಿಡಿಸಿದವಳೂ ನಾನೇ. ಈ ಪಾಪ ನನ್ನದು, ಅನ್ಸೆಲ್ಮೊ. ನಿನ್ನದು ಎಷ್ಟು ಎಂದು ನೀನು ಹೇಳಬೇಕು.

ಉಪವಾಸದ ಕಾಲಕ್ಕೆ ತಾಯಿಗೆ ನೇರಳೆ ಉಡುಪು ಹಾಕಬೇಕಿತ್ತು. ಹಾಕಲಿಲ್ಲ. ಮುಟ್ಟಲು ಕೈ ಬರಲಿಲ್ಲ. ಇನ್ನೂ ಬಿಳಿಯಲ್ಲೇ ಇದ್ದಾಳೆ. ಊರಿನವರು ನನಗೆ ಕೀಲುನೋವು ಅಂದುಕೊಂಡಿದ್ದಾರೆ. ಪೆತ್ರೋನಾಗೆ ಇದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಅವಳು ದಿನಾ ಬಂದು ನನ್ನ ಮೊಣಕೈಗೆ ಎಣ್ಣೆ ತಿಕ್ಕುತ್ತಾಳೆ.

ಕಸಿಲ್ದಾ


ರಾಜಧಾನಿ
28 ಜೂನ್ 1973

ಅಕ್ಕಾ,

ಆಣೆ ಇಡಬಾರದೆಂದು ಸತ್ಯವೇದದಲ್ಲೇ ಇದೆ. ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ, ಅಷ್ಟೇ ಸಾಕು ಎಂದಿದ್ದಾನೆ ಸ್ವಾಮಿ. ಅದಕ್ಕೇ ನಾನು ಬರೆಯಲಿಲ್ಲ. ನೀನು ಏನೇನೋ ಕಲ್ಪಿಸಿಕೊಂಡು ಕೊರಗಬೇಡ. ದೇಶ ಕಾಯುವವನಿಗೆ ನೂರು ಕಡೆಯಿಂದ ಸುದ್ದಿ ಬರುತ್ತದೆ.

ನಿನ್ನ ಹತ್ತಿರ ಒಂದು ಬೇಡಿಕೆ. ನಾನು ಪ್ರಾರ್ಥಿಸುತ್ತೇನೆ, ಅಕ್ಕ, ಮೊದಲಿಗಿಂತ ಹೆಚ್ಚು ಪ್ರಾರ್ಥಿಸುತ್ತೇನೆ. ಆದರೆ ಈಗ ಗೋಡೆಗೆ ಮಾತಾಡಿದ ಹಾಗಾಗುತ್ತದೆ. ಮೊದಲು ಕಣ್ಣು ಮುಚ್ಚಿದರೆ ತಾಯಿಯ ಮುಖ ಬರುತ್ತಿತ್ತು. ಈಗ ಬರುವುದಿಲ್ಲ. ಹೊಸ ಪಾದ್ರಿ ಪ್ರತಿ ಸಲವೂ ನನ್ನ ಪಾಪ ಕ್ಷಮಿಸುತ್ತಾರೆ. ಎದ್ದು ಬಂದರೆ ಏನೂ ಕಳೆದ ಹಾಗಿರುವುದಿಲ್ಲ. ಆ ಮುದಿ ಪಾದ್ರಿ ಒಮ್ಮೆ, ‘ಕಿತ್ತುಕೊಂಡದ್ದನ್ನ ಹಿಂದಕ್ಕೆ ಕೊಟ್ಟಿದ್ದೀಯಾ? ಕೊಡದೆ ನನ್ನ ಹತ್ರ ಯಾಕೆ ಬಂದೆ?’ ಎಂದಿದ್ದರು.

ಈ ಹಬ್ಬಕ್ಕೆ ನಾನೇ ಬರುತ್ತೇನೆ. ಅಧ್ಯಕ್ಷನಾಗಿ ಅಲ್ಲ. ಕಾವಲು ಇಲ್ಲದೆ, ಎಲ್ಲರ ಹಾಗೆ ಮುಖ ಮುಚ್ಚಿಕೊಂಡು ತಾಯಿಯನ್ನು ಹೊರಬೇಕು. ಯಾರಿಗೂ ಗೊತ್ತಾಗುವುದು ಬೇಡ, ತಾಯಿಗೆ ಗೊತ್ತಾದರೆ ಸಾಕು. ಎಡಗಡೆಯ ಎರಡನೇ ಜಾಗ ಖಾಲಿ ಇದೆಯಲ್ಲ, ಅದನ್ನು ನನಗೆ ಕೊಡಿಸು. ಭಾರ ಹೊತ್ತರೆ ಹಗುರಾಗಬಹುದೆಂಬ ಆಸೆ.

ನಿನ್ನ ಚೆಮೊ


ಕೊರಿಮಾಯು
15 ಜುಲೈ 1973

ಚೆಮೊ,

ಊರಿನ ಕ್ರಮ ಮರೆತಿದ್ದೇನೆ ಎಂದು ಹೋದ ವರ್ಷ ಬರೆದಿದ್ದೆ. ನಿಜಕ್ಕೂ ಮರೆತಿದ್ದೀಯ.

ಪಲ್ಲಕ್ಕಿಯ ಜಾಗ ಜೀವ ಇರುವವರೆಗೆ ಒಬ್ಬನದೇ. ಹೊರುವವನು ಪರದೇಶಕ್ಕೆ ಹೋಗಲಿ, ಸೆರೆಮನೆಗೆ ಹೋಗಲಿ, ಬದುಕಿದ್ದಾನೆ ಎಂದರೆ ಅವನ ಜಾಗ ಖಾಲಿಯೇ ಇರಬೇಕು. ಉಳಿದ ಏಳು ಜನ ವಾಲಿಕೊಂಡು ಹೊರುತ್ತಾರೆ. ಸತ್ತರೆ ಮಾತ್ರ ಇನ್ನೊಬ್ಬನಿಗೆ. ಹೋದ ಭಾನುವಾರ ಪಾದ್ರಿ ಬೆನಿಗ್ನೊ ಈ ವರ್ಷದ ಏಳು ಹೆಸರು ಓದಿ, ಎಂಟನೆಯದಕ್ಕೆ ಸುಮ್ಮನಾದರು. ಇಡೀ ಇಗರ್ಜಿ ಪೆತ್ರೋನಾಳ ಮುಖ ನೋಡಿತು.

ನಿನ್ನ ಕಾಗದವನ್ನು ಎಂದಿನಂತೆ ಅವಳಿಗೆ ಓದಿದೆ. ‘ಅದನ್ನು ನನಗೆ ಕೊಡಿಸು’ ಎಂಬಲ್ಲಿಗೆ ಬಂದಾಗ ಅವಳು ಬತ್ತಿ ಅದ್ದುವುದು ನಿಲ್ಲಿಸಿದಳು. ‘ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ ನಿಮ್ಮ ತಮ್ಮ’ ಎಂದಳು. ಆಮೇಲೆ ಒಲೆಯಿಂದ ಮೇಣದ ಮಡಕೆ ಇಳಿಸಿ, ಹಿಟ್ಟು ತೆಗೆದು, ನಾದಿದಳು. ಜುಲೈಯಲ್ಲಿ, ಸತ್ತವರ ಹಬ್ಬ ನಾಲ್ಕು ತಿಂಗಳು ದೂರವಿರುವಾಗ, ಮಗನ ಹೆಸರಿನ ರೊಟ್ಟಿ ಸುಟ್ಟಳು. ಒಂದು ತುಂಡು ನನಗೂ ಕೊಟ್ಟಳು. ಆ ರೊಟ್ಟಿ ಹಿಡಿದುಕೊಂಡೇ ಹೇಳಿಬಿಟ್ಟೆ, ಅವನ ಜಾಗ ನಿನಗೆ ಬರೆದವಳು ನಾನು ಎಂದು. ಅವಳು ಎದ್ದು ಹೋಗಿ ಕೋಳಿಗಳನ್ನು ಒಳಗೆ ಅಟ್ಟಿದಳು. ಅಂದಿನಿಂದ ಎಣ್ಣೆ ತಿಕ್ಕಲು ಬಂದಿಲ್ಲ.

ಇವತ್ತು ಬೆಳಿಗ್ಗೆ ಬಂದು ಬಾಗಿಲ ಹೊರಗೇ ನಿಂತು ಹೇಳಿದ್ದು ಇಷ್ಟು: ‘ಬರಲಿ. ಕ್ರಮದ ಪ್ರಕಾರ ಬರಲಿ.’ ಕ್ರಮ ಹೀಗಿದೆ. ಜಾಗ ತೆಗೆದುಕೊಳ್ಳುವವನು ಮೊದಲ ವರ್ಷ ಮುಖ ಮುಚ್ಚುವ ಹಾಗಿಲ್ಲ. ಸತ್ತವನ ತಾಯಿಯೋ ಹೆಂಡತಿಯೋ ಚೌಕದಲ್ಲಿ ಎಲ್ಲರೆದುರು ಹೆಗಲಬಟ್ಟೆ ಹೊದಿಸುವ ಮುನ್ನ ‘ಎಲ್ಲಿ ಮಲಗಿದ್ದಾನೆ?’ ಎಂದು ಕೇಳುತ್ತಾಳೆ. ಪಲ್ಲಕ್ಕಿಯನ್ನು ಮೊದಲು ಆ ಗೋರಿಯ ಕಡೆ ತಿರುಗಿಸಿ ನಿಲ್ಲಿಸಬೇಕು, ಹೊಸಬನೇ ದಾರಿ ತೋರಿಸಬೇಕು.

ಭಾರ ಹೊರಬೇಕು ಎಂದೆಯಲ್ಲ, ಬಂದು ಹೊರು. ನಾನು ನಿನ್ನ ಪಕ್ಕದಲ್ಲೇ ನಿಲ್ಲುತ್ತೇನೆ. ಇಬ್ಬರೂ ಸೇರಿ ಮಾಡಿದ್ದು ಇದು.

ಕಸಿಲ್ದಾ


ರಾಜಧಾನಿ
31 ಜುಲೈ 1973

ಅಕ್ಕಾ,

ಇದನ್ನು ತರುವವನು ಓದು ಬಾರದ ಸಿಪಾಯಿ. ಓದಿ ಸುಟ್ಟುಬಿಡು.

ನಾನು ಬರುವುದಿಲ್ಲ. ಎರಡು ಸಲ ಕಾರು ಹೊರಡಿಸಲು ಹೇಳಿ ಎರಡು ಸಲವೂ ಬೇಡವೆಂದೆ. ಯುದ್ಧದಲ್ಲಿ ಹೆದರಿದವನಲ್ಲ ನಾನು. ಆ ಹೆಂಗಸಿನ ಒಂದು ಪ್ರಶ್ನೆಗೆ ಹೆದರಿದ್ದೇನೆ.

ಗೋರಿ ಇಲ್ಲ. ವಿಮಾನದಿಂದ ದೊಡ್ಡ ಸರೋವರಕ್ಕೆ ಹಾಕಿದರು. ಹಬ್ಬ ಮುಗಿದ ಆರನೇ ದಿನ. ನಾನು ಆಜ್ಞೆ ಕೊಡಲಿಲ್ಲ. ಕರ್ನಲ್ ಬಂದು ಏನು ಮಾಡೋಣ ಎಂದು ಕೇಳಿದಾಗ ನಾನು ಪೂಜಾಮಂದಿರದಲ್ಲಿ ಜಪಮಾಲೆ ಎಣಿಸುತ್ತಿದ್ದೆ. ತಿರುಗಿ ನೋಡದೆ ಕೈ ಬೀಸಿದೆ. ಅದನ್ನೇ ಅವನು ಉತ್ತರ ಅಂದುಕೊಂಡ. ಅಂದುಕೊಳ್ಳಲಿ ಎಂದೇ ಬೀಸಿದ್ದೆ. ಆಮೇಲೆ ಎಣಿಕೆ ತಪ್ಪಿತೆಂದು ಜಪವನ್ನು ಮೊದಲಿನಿಂದ ಶುರುಮಾಡಿದೆ.

ಪಲ್ಲಕ್ಕಿಯನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿ. ಸರೋವರ ಆ ಕಡೆಗಿದೆ. ಜಾಗವನ್ನು ನನ್ನ ಹೆಸರಿನಲ್ಲಿ ಖಾಲಿ ಇಡಿಸು, ಅಕ್ಕ. ಮುಂದಿನ ವರ್ಷ ಧೈರ್ಯ ಬರಬಹುದು.

ಚೆಮೊ


ಕೊರಿಮಾಯು
7 ಆಗಸ್ಟ್ 1973

ಅನ್ಸೆಲ್ಮೊ,

ಕಾಗದ ಸುಡಲಿಲ್ಲ. ಹಬ್ಬದ ದಿನ ಚೌಕದಲ್ಲಿ ನಿಂತು ಓದಿದೆ, ಪೂರ್ತಿ, ಜಪಮಾಲೆಯ ಸಾಲನ್ನೂ ಬಿಡದೆ. ಅದಾದ ಮೇಲೆ ಹೋದ ವರ್ಷ ಜೂನ್‌ನಲ್ಲಿ ನಾನು ನಿನಗೆ ಏನು ಬರೆದೆ ಎಂಬುದನ್ನೂ ಹೇಳಿದೆ. ಬ್ಯಾಂಡಿನವರು ತುತ್ತೂರಿ ಕೆಳಗಿಟ್ಟಿದ್ದರು. ನಿನ್ನ ಪೊಲೀಸರು ನಾಲ್ವರಿದ್ದರು, ಅವರಲ್ಲಿ ಒಬ್ಬ ಟೋಪಿ ತೆಗೆದ. ನನ್ನನ್ನು ಕರೆದುಕೊಂಡು ಹೋಗಲು ಯಾರನ್ನಾದರೂ ಕಳಿಸುವುದಿದ್ದರೆ ಕಳಿಸು, ಈ ಸಲ ಗಿಣ್ಣು ಕಟ್ಟಿಕೊಳ್ಳುವುದಿಲ್ಲ.

ಪೆತ್ರೋನಾ ಪಲ್ಲಕ್ಕಿಯ ಕೋಲಿನಿಂದ ಲಿನೊನ ಹೆಗಲಬಟ್ಟೆ ಬಿಚ್ಚಿಕೊಂಡು ನನ್ನೆದುರು ಬಂದು ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ‘ಎಲ್ಲಿ ಮಲಗಿದ್ದಾನೆ?’ ಎಂದು ಕೇಳಿದಳು. ‘ಸರೋವರದಲ್ಲಿ’ ಎಂದೆ. ಅವಳು ಬಟ್ಟೆಯನ್ನು ನನ್ನ ಹೆಗಲಿಗೆ ಹಾಕಿದಳು. ‘ಹೆಂಗಸರು ಹೊರೋ ಹಾಗಿಲ್ಲ’ ಎಂದು ಪಾದ್ರಿ ಗೊಣಗಿದರು. ‘ನನ್ನ ಮಗನ ಜಾಗ. ನಾನು ಕೊಟ್ಟೋರು ಹೊರ್ತಾರೆ’ ಎಂದಳು. ಪಾದ್ರಿ ದಾರಿ ಬಿಟ್ಟರು.

ತಾಯಿಯನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದೆವು. ಅಲ್ಲಿಂದ ನೀರು ಕಾಣುವುದಿಲ್ಲ, ಬರಿಯ ಬೋಳು ಗುಡ್ಡ. ಆದರೂ ಬಹಳ ಹೊತ್ತು ನಿಂತಿದ್ದೆವು. ಅರವತ್ತೊಂದರ ಮುದುಕಿಗೆ ಆ ಭಾರ ಏನೆಂದು ನಿನಗೆ ಹೇಳಲಾರೆ. ಕೋಲು ಹೊತ್ತ ಬಲಹೆಗಲು ಕಪ್ಪಾಗಿ ಊದಿದೆ, ಆ ಕೈ ಎತ್ತಲಾಗುತ್ತಿಲ್ಲ, ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹಗುರವೇನೂ ಆಗಲಿಲ್ಲ. ಭಾರ ಹೊತ್ತರೆ ಹಗುರಾಗುತ್ತದೆ ಎಂದು ನಿನಗೆ ಹೇಳಿದವರು ಯಾರು? ಪೆತ್ರೋನಾ ನನ್ನ ಜೊತೆ ಮಾತಾಡುವುದಿಲ್ಲ, ಇನ್ನು ಮುಂದೆಯೂ ಆಡಲಾರಳು. ಮುಂದಿನ ಹಬ್ಬಕ್ಕೂ ನಾನೇ ಹೊರಬೇಕು, ಅದರ ಮುಂದಿನದಕ್ಕೂ, ಸಾಯುವವರೆಗೆ.

ನೀನು ಎಲ್ಲಿ ಬೇಕಾದರೂ ಮಂದಿರ ಕಟ್ಟಿಸಿಕೋ, ಯಾವ ಪಾದ್ರಿಯ ಮುಂದೆ ಬೇಕಾದರೂ ಮೊಣಕಾಲೂರು. ಇಲ್ಲಿ ಮಾತ್ರ ಕೇಳಬೇಡ. ಆ ಜಾಗ ಈಗ ಖಾಲಿ ಇಲ್ಲ, ಚೆಮೊ.

ಕಸಿಲ್ದಾ